ಕೊರಳಿನ ಕಿಂಡಿ

ಅಪ್ಪ ಹುಚ್ಚೀರಯ್ಯನ ದನಿ ಕಟ್ಟಿದ್ದನ್ನು ಮೊದಮೊದಲು ಯಾರೂ ದೊಡ್ಡದು ಮಾಡಲಿಲ್ಲ. ಮೆಣಸಿನ ಕಷಾಯ ಆಯಿತು, ಕುತ್ತಿಗೆಗೆ ಬರೆ ಹಾಕಿಸಿದ್ದೂ ಆಯಿತು. ಉಸಿರೆಳೆದರೆ ಗರಗಸದ ಸದ್ದು ಬರತೊಡಗಿದ ಮೇಲೆ ಸೋಮನಹಳ್ಳಿಯಲ್ಲಿ ಇದ್ದಿಲು ಉರಿಸಿ ಓಡಿಸುವ ಬಸ್ಸು ಹತ್ತಿ ಮಂಡ್ಯದ ಆಸ್ಪತ್ರೆಗೆ ಹೋದೆವು. ಅವ್ವ ಇರಲಿಲ್ಲವಾದ್ದರಿಂದ ಜೊತೆಗೆ ನಾನೇ.

ಡಾಕ್ಟರು ಅಪ್ಪನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ದೀಪದ ಮೇಲೆ ಬೆಚ್ಚಗೆ ಮಾಡಿದ ಪುಟ್ಟ ಕನ್ನಡಿಯನ್ನು ಗಂಟಲಿಗೆ ಇಳಿಸಿದರು.

"ಹುಣ್ಣಿಲ್ಲ. ಒಳಗಿನಿಂದ ಗಟ್ಟಿಯಾಗಿ ಉಬ್ಬಿದೆ. ಬೀಡಿ ಸೇದ್ತೀಯೇನಯ್ಯ?"

ಅಪ್ಪ ಇಲ್ಲವೆಂದು ತಲೆಯಾಡಿಸಿದ.

ಮೈಸೂರಿನಲ್ಲಿ ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡಿದರು. ಧ್ವನಿಪೆಟ್ಟಿಗೆಯ ಮೆದುಮೂಳೆಯೇ ಕ್ಯಾನ್ಸರಾಗಿ ಬೆಳೆದಿತ್ತಂತೆ. ಅಲ್ಲಿನ ಹಿರಿಯ ಡಾಕ್ಟರೂ ಅಂಥದ್ದನ್ನು ಕಂಡಿರಲಿಲ್ಲವಂತೆ. ರೇಡಿಯಂ ಚಿಕಿತ್ಸೆಗೆ ಇದು ಬಗ್ಗುವುದಿಲ್ಲ, ಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು.

ಅಪ್ಪ ಒಪ್ಪಿದ. ಮಾತು ಹೋಯಿತು, ಜೀವ ಉಳಿಯಿತು. ಕೊರಳ ಬುಡದಲ್ಲಿ ಒಂದು ಕಿಂಡಿ. ಇನ್ನು ಉಸಿರಾಟವೆಲ್ಲ ಅದರಲ್ಲೇ, ನೀರು ಹೊಕ್ಕರೆ ನೇರ ಶ್ವಾಸಕೋಶಕ್ಕೇ ಎಂದು ನರ್ಸಮ್ಮ ಒತ್ತಿ ಹೇಳಿದರು. ಸುಗ್ಗಿಯ ಹೊತ್ತಿಗೆ ಅಪ್ಪ ಮತ್ತೆ ಗದ್ದೆಗಿಳಿದ.

ಆಮೇಲೆ ಅಪ್ಪನ ತಾಯಿ, ಅಜ್ಜಿ ಬೀರಮ್ಮ ತೀರಿಕೊಂಡಳು. ತಿಥಿಯ ದಿನ ಮದ್ದೂರಿನ ಹೊಳೆಗೆ ಹೋದೆವು. ಅಪ್ಪ ದಡದಲ್ಲೇ ಕುಳಿತು, ತಲೆ ಬಾಗಿಸಿ, ಚೊಂಬಿನಿಂದ ಚೂರುಚೂರೇ ನೀರು ಹುಯ್ದುಕೊಂಡ. ಅಜ್ಜಿಯ ತಮ್ಮ ಅಂಕಯ್ಯನಿಗೆ ಅದು ಸರಿಬರಲಿಲ್ಲ.

"ಎತ್ತೋಳಿಗೆ ಚೊಂಬಿನ ನೀರೇನ್ಲಾ ಉಚ್ಚೀರ? ಬೆಕ್ಕೂ ಇದ್ಕಿಂತ ಸಂದಾಗಿ ನೆನೀತದೆ."

"ನೀರು ಒಳಕ್ಕೋದ್ರೆ ಜೀವ ಓಯ್ತದೆ ಕಣ್ ತಾತ," ಎಂದೆ. ಗಂಡಸರ ನಡುವೆ ನನ್ನ ದನಿ ನನಗೇ ಕೇಳಲಿಲ್ಲ.

"ನೀ ಸುಮ್ಕಿರವ್ವ. ಮಗ ಒಂದು ಮುಳುಗು ಆಕ್ದೆ ಓದ್ರೆ ಕಾಗೆ ಎಡೆ ಮುಟ್ತದಾ?"

ಎಲೆಯ ಮೇಲೆ ಎಡೆ ಹಾಗೇ ಇತ್ತು. ಕಾಗೆಗಳು ಮರ ಬಿಟ್ಟು ಇಳಿದಿರಲಿಲ್ಲ. ಅಪ್ಪ ಅವನ್ನು ನೋಡಿದ, ನನ್ನನ್ನು ನೋಡಿದ. ಕಿಂಡಿಯ ಮೇಲೆ ಅಂಗೈ ಒತ್ತಿ ತೋರಿಸಿದ: ಹೀಗೆ ಮುಚ್ಚಿಕೊಳ್ಳುತ್ತೇನೆ, ಹೆದರಬೇಡ. ಎದೆಮಟ್ಟದ ನೀರಿಗೆ ಇಳಿದ.

ಮುಳುಗುವ ಗಳಿಗೆಯಲ್ಲಿ, ಹುಡುಗನಾಗಿದ್ದಾಗಿನ ರೂಢಿಯಂತೆ, ಅವನ ಕೈ ಕೊರಳು ಬಿಟ್ಟು ಮೂಗು ಹಿಡಿಯಿತು.

ನಾನು ಚೀರಿದೆ. ಗಂಡಸರು ಎಳೆದು ತಂದು, ಬೋರಲು ಹಾಕಿ ಬೆನ್ನು ಒತ್ತಿದರು. ಕಿಂಡಿಯಿಂದ ನೀರು ಬಂತು. ಅಂಗಾತ ಮಲಗಿಸಿ, ಅಂಕಯ್ಯ ಅಪ್ಪನ ಮೂಗಿನ ಕೆಳಗೆ ಬೆರಳು ಹಿಡಿದು, "ಉಸ್ರೈತಾ ನೋಡ್ರಲಾ" ಎನ್ನುತ್ತಿದ್ದ.

ನಾನು ಆ ಕೈಯನ್ನು ತೆಗೆದು ಕೊರಳಿನ ಹತ್ತಿರ ಇಟ್ಟೆ. ಕಿಂಡಿಯಲ್ಲಿ ಗಾಳಿ ಆಡುತ್ತಿರಲಿಲ್ಲ. ಅಂಕಯ್ಯ ಬಹಳ ಹೊತ್ತು ಬೆರಳನ್ನು ಹಾಗೇ ಹಿಡಿದುಕೊಂಡಿದ್ದ.