ಒಣ ನೆಲದ ಈಜು

ಮೊದಲನೇ ಶನಿವಾರ ಊರಿನ ಈಜುಕೊಳದಲ್ಲಿ ಕೇಳಿದ್ದು ಡಾಕ್ಟರ ಚೀಟಿ.

"ಚರ್ಮದ ಕಾಯಿಲೆ ಇಲ್ಲ ಅಂತ ಬರೆಸ್ಕೊಂಡು ಬರ್ಬೇಕು," ಎಂದಳು ಟಿಕೆಟ್ ಕಿಟಕಿಯ ಬೊಜೆನಾ, ತಲೆ ಎತ್ತದೆ. "ಒಬ್ಬೊಬ್ರಿಗೂ ಬೇರೆ ಬೇರೆ ಚೀಟಿ."

ಅರಾಂಕಾಳ ಹಿಂದೆ ಒಂಬತ್ತು ಮಂದಿ ಹುಡುಗ ಹುಡುಗಿಯರು ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಅವರ ಮುಂದೆ ಸಾಲಿನಲ್ಲಿದ್ದ ಊರಿನ ಸಂಸಾರವೊಂದು ಆಗತಾನೇ ಒಳಗೆ ಹೋಗಿತ್ತು. ಅಪ್ಪ, ಅಮ್ಮ, ಎರಡು ಮಕ್ಕಳು, ಜೊತೆಗೆ ಗಾಳಿ ತುಂಬಿದ ಹಸಿರು ಮೊಸಳೆ.

"ಆ ಮೊಸಳೆ ಹತ್ರ ಚೀಟಿ ಇತ್ತಾ?" ಎಂದಳು ಒಂಬತ್ತು ಮಂದಿಯಲ್ಲೊಬ್ಬಳಾದ ಸಿದೋನಿಯಾ.

ಮಕ್ಕಳು ಕಿಸಕ್ಕನೆ ನಕ್ಕರು. ಬೊಜೆನಾ ಕಿಟಕಿಯ ಗಾಜು ಎಳೆದುಕೊಂಡಳು.

"ನಡೀರಿ," ಎಂದಳು ಅರಾಂಕಾ. "ಚೀಟಿ ತಾನೆ? ತರೋಣ."

ಅರಾಂಕಾ ಊರವರು ಜಿಪ್ಸಿಗಳೆಂದು ದೂರವಿಟ್ಟ ರೋಮಾ ಜನರ ಹೊಳೆಯಾಚೆಯ ಕೇರಿಯಲ್ಲೇ ಹುಟ್ಟಿದವಳು. ಹದಿನಾರು ವರ್ಷ ಆಲೂಗಡ್ಡೆ ಗೋದಾಮಿನಲ್ಲಿ ಕೊಳೆತದ್ದನ್ನು ಆರಿಸಿ ಬಿಸಾಡುವ ಕೆಲಸ ಮಾಡಿ, ಆಮೇಲೆ ಕೊಶಿಟ್ಸೆ ನಗರಕ್ಕೆ ಓಡಾಡಿ ತರಬೇತಿ ಪಡೆದು, ನಾಲ್ಕು ವರ್ಷದಿಂದ ಕೇರಿಯ ಹರೆಯದವರಿಗೊಂದು ಕ್ಲಬ್ಬು ನಡೆಸುತ್ತಿದ್ದಳು. ಪುರಸಭೆಯ ಹಳೆಯ ಬಾಯ್ಲರ್ ಕೋಣೆಯೇ ಕ್ಲಬ್ಬು. ಅವಳ ಕೆಲಸವೇನೆಂದು ಕೇರಿಯಲ್ಲಿ ಯಾರಿಗೂ ಸರಿಯಾಗಿ ತಿಳಿಯದು. ಮೇಷ್ಟರಲ್ಲ, ಪಾದ್ರಿಯಲ್ಲ, ಪೊಲೀಸಂತೂ ಅಲ್ಲ. "ದೊಡ್ಡ ಮಕ್ಕಳ ಆಯಾ" ಎಂದು ಮುದುಕಿ ಬರ್ತಾ ಛೇಡಿಸುತ್ತಿದ್ದಳು. ಶಾಲೆ ಹೊರಗೆ ಹಾಕಿದವರು, ಕೆಲಸ ಕೇಳಲು ಹೋದಲ್ಲಿ ಮುಖ ನೋಡಿಯೇ ಬಾಗಿಲು ಮುಚ್ಚಿಸಿಕೊಂಡವರು, ಮನೆಯಲ್ಲಿ ಕೂರಲು ಮೂಲೆಯಿಲ್ಲದವರು ಅಲ್ಲಿಗೆ ಬರುತ್ತಿದ್ದರು. ಅರಾಂಕಾ ಮೊದಲು ಚಹಾ ಕೊಡುತ್ತಿದ್ದಳು. ಪ್ರಶ್ನೆ ಕೇಳುತ್ತಿದ್ದುದು ಬಹಳ ದಿನಗಳಾದ ಮೇಲೆ.

ಈಜಿನ ಮಾತೆತ್ತಿದವನು ಕೊಲೊಮಾನ್. ಹದಿನೇಳರ ಹುಡುಗ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಆರನೇ ವಯಸ್ಸಿನಲ್ಲೇ ಯಾರೋ ಅರ್ಧ ಗಂಟೆ ಪರೀಕ್ಷೆ ಮಾಡಿ, ಬುದ್ಧಿ ಸಾಲದು ಎಂದು ಬರೆದು, ಅವನನ್ನು ಬೇರೆ ಶಾಲೆಗೆ ದಬ್ಬಿದ್ದರು. ಹಿಂದಿನ ಜುಲೈಯಲ್ಲಿ ಅವನ ತಂಗಿ ವಿಯೋಲಾ, ಹನ್ನೊಂದು ವರ್ಷದವಳು, ಜಲ್ಲಿ ತೆಗೆದ ಹೊಂಡದಲ್ಲಿ ಮುಳುಗಿ ಸತ್ತಳು. ಕೇರಿಯ ಮಕ್ಕಳು ಬೇಸಿಗೆಯಲ್ಲಿ ಇಳಿಯುತ್ತಿದ್ದುದೇ ಆ ಹೊಂಡಕ್ಕೆ; ಊರಿನ ಈಜುಕೊಳಕ್ಕೆ ಅವರು ಹೋದದ್ದೇ ಇಲ್ಲ. ಕೊಲೊಮಾನ್ ದಡದಲ್ಲಿದ್ದ. ಎದೆಮಟ್ಟದವರೆಗೆ ನುಗ್ಗಿದ, ಕಾಲ ಕೆಳಗೆ ನೆಲ ತಪ್ಪಿತು, ನಾಲ್ಕು ಜನ ಸೇರಿ ಅವನನ್ನು ಎಳೆದು ಹಾಕಿದರು. ಆಮೇಲೆ ಹತ್ತು ತಿಂಗಳು ಅವನು ಕ್ಲಬ್ಬಿಗೆ ಬಂದು ಗೋಡೆಗೊರಗಿ ಕೂತು ಹೋಗುತ್ತಿದ್ದ. ಒಂದು ದಿನ ಚಹಾ ಲೋಟ ಕೆಳಗಿಟ್ಟು ಕೇಳಿದ, "ಅಕ್ಕಾ, ಈಜು ಕಲಿಯೋಕಾಗತ್ತಾ?"

ಅಷ್ಟೇ ಸಾಕಾಗಿತ್ತು ಅರಾಂಕಾಗೆ.

ಎರಡನೇ ಶನಿವಾರ ಅರಾಂಕಾಳದೂ ಸೇರಿ ಹತ್ತು ಚೀಟಿ ಹಿಡಿದು ಹೋದರು. ಈಜುಟೋಪಿ ಬೇಕೆಂದಳು ಬೊಜೆನಾ. ಒಳಗೆ ಒಂದು ತಲೆಯ ಮೇಲೂ ಟೋಪಿಯಿರಲಿಲ್ಲ. ಮೂರನೇ ಶನಿವಾರ ಟೋಪಿ ಹಾಕಿಕೊಂಡೇ ಹೋದರು, ಹಳದಿ ಬಣ್ಣದವು, ಬಾತುಮರಿಗಳ ಸಾಲಿನಂತೆ. ಆವತ್ತು ಸ್ವತಃ ಮ್ಯಾನೇಜರ್ ಸ್ತ್ರಾಕಾ ಹೊರಗೆ ಬಂದ. "ಇವತ್ತು ಪೂರ್ತಿ ಕಾದಿರಿಸಿದೆ," ಎಂದು ಹಲ್ಲು ಕಿರಿದ. ನಾಲ್ಕನೇ ಶನಿವಾರವೂ ಕಾದಿರಿಸಿತ್ತು. ಯಾರು ಕಾದಿರಿಸಿದ್ದಾರೆಂದು ಕೇಳಿದರೆ, ಅದು ಗುಟ್ಟಿನ ವಿಷಯ ಎಂದ.

ಇತ್ತ ಬಾಯ್ಲರ್ ಕೋಣೆಯಲ್ಲಿ ಈಜಿನ ಪಾಠ ಶುರುವಾಗಿಬಿಟ್ಟಿತ್ತು. ಗುರು ಸಿದೋನಿಯಾ. ಅವಳಪ್ಪ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆರು ವರ್ಷ ಕೋಳಿ ಕಾರ್ಖಾನೆಯಲ್ಲಿ ದುಡಿದಿದ್ದ. ಅಲ್ಲಿನ ಶಾಲೆಯಲ್ಲಿ ಎಲ್ಲ ಮಕ್ಕಳ ಜೊತೆ ಅವಳನ್ನೂ ನೀರಿಗೆ ಇಳಿಸಿದ್ದರು. ಅಲ್ಲಿರುವ ಪರವಾನಗಿ ತಪ್ಪಿ ಮನೆಮಂದಿ ವಾಪಸ್ಸು ಬಂದಾಗ ಅವಳು ಹೊತ್ತು ತಂದದ್ದು ಒರಟು ಇಂಗ್ಲಿಷು ಮತ್ತು ಮೂರು ಬಗೆಯ ಈಜು.

"ಹೊಟ್ಟೆ ಮೇಲೆ ಮಲಗ್ರೋ! ಬೆಂಚು ಅಂದ್ರೆ ನೀರು. ಕಾಲು ಹೊರಗೆ, ತಲೆ ಹೊರಗೆ. ತೋಳು ಮುಂದೆ ಚಾಚು, ಬಗಲಿಗೆ ಎಳ್ಕೋ. ಉಸಿರು! ಕೊಲೊಮಾನ್, ಉಸಿರು ಬಿಡೋ ಮಾರಾಯ, ಮುಖ ಬದನೆಕಾಯಿ ಆಗಿದೆ!"

ಬಕೆಟ್ಟಿನ ನೀರಲ್ಲಿ ಮುಖವಿಟ್ಟು ಗುಳುಗುಳು ಎನ್ನಿಸುವುದು ಎರಡನೆಯ ಪಾಠ. ಮೊದಲ ದಿನ ಕೊಲೊಮಾನ್ ಬಕೆಟ್ಟಿನ ಅಂಚು ಹಿಡಿದು ನಿಂತವನು ಬಗ್ಗಲೇ ಇಲ್ಲ. ಸಿದೋನಿಯಾ ಎಲ್ಲರನ್ನೂ ಗದರುವವಳು ಅವನನ್ನು ಮಾತ್ರ ಏನೂ ಅನ್ನಲಿಲ್ಲ. ತಾನೂ ಪಕ್ಕದಲ್ಲಿ ಇನ್ನೊಂದು ಬಕೆಟ್ಟಿಟ್ಟುಕೊಂಡು ಮುಖ ಮುಳುಗಿಸಿದಳು, ಎತ್ತಿದಳು, ಮತ್ತೆ ಮುಳುಗಿಸಿದಳು. ಐದನೇ ದಿನ ಅವನೂ ಮುಳುಗಿಸಿದ.

ಬಾಗಿಲಲ್ಲಿ ನಿಂತು ನೋಡಿದ ಬರ್ತಾ ಕೆನ್ನೆ ಬಡಿದುಕೊಂಡಳು. "ಅಯ್ಯೋ ದೇವ್ರೇ! ನೀರಿಗಿಳೀದೆ ಈಜು ಕಲ್ತೋರ್ನ ನನ್ನ ಎಂಬತ್ತು ವರ್ಷದಲ್ಲಿ ಕಂಡಿರ್ಲಿಲ್ಲ. ಅರಾಂಕಾ, ಗಾಜೊಗಳು, ನಮ್ಮೋರಲ್ಲದೋರು, ಅವರ ನೀರು ಅವರಿಗೇ ಇರ್ಲಿ ಬಿಡೇ. ಬಿಳಿಯೋರ ಬಾಗ್ಲಿಗೆ ಹಣೆ ಜಜ್ಕೊಂಡ್ರೆ ಒಡಿಯೋದು ಬಾಗ್ಲಲ್ಲ."

"ನಮ್ಮ ಹಣೆ ಗಟ್ಟಿ ಇದೆ ಬರ್ತಮ್ಮ," ಎಂದಳು ಅರಾಂಕಾ.

ನಾಲ್ಕನೇ ಶನಿವಾರ ಕಳೆದ ಮೇಲಿನ ಸೋಮವಾರ ಪುರಸಭೆಯಿಂದ ಕರೆ ಬಂತು. ಉಪಮೇಯರ್ ಲುಬಿಕಾ ಎದ್ದು ನಿಂತು ಕೈ ಕುಲುಕಿ, ಕಾಫಿ ತರಿಸಿದಳು. ಕಾಫಿ ಬಂದದ್ದು ನೋಡಿಯೇ ಅರಾಂಕಾಗೆ ಇದು ಒಳ್ಳೆಯ ಸುದ್ದಿಯಲ್ಲ ಅನ್ನಿಸಿತು.

"ನಿಮ್ಮ ಹುಡುಗ್ರು ಎಷ್ಟ್ ಚೆನ್ನಾಗಿ ಕುಣೀತಾರೆ ಅರಾಂಕಾ! ಆಗಸ್ಟಲ್ಲಿ ಊರಹಬ್ಬ. ವೇದಿಕೆ ಕೊಡ್ತೀವಿ, ಬಟ್ಟೆ ಹೊಲಿಸಿ ಕೊಡ್ತೀವಿ. ಈ ಈಜುಕೊಳದ ರಗಳೆ ಮಾತ್ರ ಬೇಡ. ಜನಕ್ಕೆ ಕಸಿವಿಸಿ ಆಗತ್ತೆ. ನಾನು ಅಂಥವಳಲ್ಲ, ನಿಮಗೆ ಗೊತ್ತಲ್ಲ. ಜನ ಹಾಗೆ."

"ಕುಣಿಯೋದು ನಮಗೆ ಬರತ್ತೆ ಮೇಡಂ. ಅಜ್ಜಿ ಕಾಲದಿಂದ ನಿಮ್ಮ ಮುಂದೆ ಕುಣಿದಿದೀವಿ. ಬರದೇ ಇರೋದು ಈಜು."

ಲುಬಿಕಾ ಕಾಫಿ ಕಲಕಿದಳು. "ಆ ಬಾಯ್ಲರ್ ಕೋಣೆ ಕರಾರು ಆಗಸ್ಟಿಗೆ ಮುಗಿಯತ್ತೆ, ಅಲ್ವಾ?"

ಅರಾಂಕಾ ವಾಪಸ್ಸು ಸೇತುವೆಯ ದಾರಿ ಹಿಡಿದಳು. ಕೋಣೆ ಹೋದರೆ ಚಳಿಗಾಲದಲ್ಲಿ ಈ ಮಕ್ಕಳು ಎಲ್ಲಿ ಕೂರಬೇಕು? ಒಪ್ಪಿಕೊಂಡುಬಿಟ್ಟರೆ ಹೇಗೆ ಎಂಬ ಯೋಚನೆ ಅರ್ಧ ಸೇತುವೆಯವರೆಗೆ ಅವಳ ಜೊತೆಗೇ ನಡೆಯಿತು. ತನ್ನೊಳಗೆ ಅದಕ್ಕೆ ಅಷ್ಟು ಬೇಗ ಜಾಗ ಸಿಕ್ಕಿತಲ್ಲ ಎಂದು ನಾಚಿಕೆಯಾಯಿತು. ಮಕ್ಕಳಿಗೆ ಹೇಳದೆ ತಾನೇ ತೀರ್ಮಾನಿಸುವುದು ಸುಲಭವಿತ್ತು. ಹಾಗೆ ಮಾಡುವವರು ಅವರ ಬದುಕಿನಲ್ಲಿ ಬೇಕಾದಷ್ಟು ಜನ ಆಗಲೇ ಇದ್ದರು. ಅವಳು ಎಲ್ಲರನ್ನೂ ಕೂರಿಸಿ, ನಡೆದದ್ದನ್ನು ಒಂದು ಮಾತೂ ಬಿಡದೆ ಹೇಳಿದಳು.

"ಕೋಣೆ ಹೋಗಬಹುದು. ಸುಳ್ಳು ಹೇಳಲ್ಲ. ನಿರ್ಧಾರ ನಿಮ್ಮದು."

ಒಬ್ಬ ಹುಡುಗಿ ಉಗುರು ಕಚ್ಚಿದಳು. ಗೋಡೆಯ ಬಳಿಯಿಂದ ಕೊಲೊಮಾನ್ ಅಂದ, "ಕೋಣೆ ಇಲ್ದೆ ಯಾರೂ ಸಾಯಲ್ಲ ಅಕ್ಕಾ."

ಸಿದೋನಿಯಾ ತಾನು ಕೂತಿದ್ದ ಬೆಂಚನ್ನು ತಟ್ಟಿದಳು. "ಒಳಗೆ ಬಿಡಲ್ಲ ತಾನೆ? ಬಿಡೋದು ಬೇಡ. ನಾವು ಈಜೋದು ಇದರ ಮೇಲೆ. ಇದನ್ನೇ ಹೊತ್ಕೊಂಡು ಹೋಗೋಣ."

ಐದನೇ ಶನಿವಾರ ಬೆಳಿಗ್ಗೆ ಹತ್ತಕ್ಕೆ, ಬಿಸಿಲು ಆಗಲೇ ಚುರುಗುಟ್ಟುತ್ತಿರುವಾಗ, ಒಂಬತ್ತು ಬೆಂಚುಗಳು ಸೇತುವೆ ದಾಟಿದವು. ಹೊರಡುವ ಮೊದಲು ಅರಾಂಕಾ ಹೇಳಿದ್ದು ಇಷ್ಟೇ: "ಬೈಗುಳ ಇಲ್ಲ. ಗೇಟು ಮುಟ್ಟಬಾರ್ದು. ಅವರು ಉಗಿದ್ರೂ ತೋಳು ಬೀಸೋದು ನಿಲ್ಲಬಾರ್ದು."

ಟಿಕೆಟ್ ಕಿಟಕಿಯ ಎದುರು, ಕಾಲುದಾರಿಯ ಬದಿಗೆ, ಬೆಂಚು ಸಾಲಾಗಿಟ್ಟರು. ಈಜುಡುಗೆ, ಹಳದಿ ಟೋಪಿ, ಕೊರಳಿಗೆ ದಾರ ಕಟ್ಟಿ ನೇತುಹಾಕಿದ ಡಾಕ್ಟರ ಚೀಟಿ. ಸಿದೋನಿಯಾ ಸೀಟಿ ಊದಿದಳು. ಎಲ್ಲರೂ ಹೊಟ್ಟೆಯ ಮೇಲೆ ಮಲಗಿ ಈಜತೊಡಗಿದರು.

ಸಾಲಿನಲ್ಲಿದ್ದವರು ಮೊದಲು ಹೋ ಎಂದು ನಕ್ಕರು. ಒಬ್ಬ ಫೋನಿನಲ್ಲಿ ಚಿತ್ರ ತೆಗೆದ. "ನೀರು ತಣ್ಣಗಿದ್ಯಾ?" ಎಂದು ಕೂಗಿದ. "ಬೆಚ್ಚಗಿದೆ ಅಣ್ಣಾ, ನೀನೂ ಬಾ," ಎಂದಳು ಸಿದೋನಿಯಾ. ಇನ್ನೊಬ್ಬ ನಗಲಿಲ್ಲ, ಕೊಲೊಮಾನನ ಬೆಂಚಿನ ಹತ್ತಿರ ಬಂದು ಉಗುಳಿದ. ಅದು ಹುಡುಗನ ತೋಳಿನ ಮೇಲೆ ಬಿತ್ತು. ಕೊಲೊಮಾನನ ದವಡೆ ಬಿಗಿಯಿತು, ಕತ್ತಿನ ನರ ಉಬ್ಬಿತು. ಅವನು ತೋಳು ಮುಂದೆ ಚಾಚಿದ, ಬಗಲಿಗೆ ಎಳೆದುಕೊಂಡ, ಉಸಿರು ಬಿಟ್ಟ. ಮತ್ತೆ ಚಾಚಿದ.

ಅರ್ಧ ಗಂಟೆ ಕಳೆಯುವ ಹೊತ್ತಿಗೆ ಬೇಲಿಯ ಒಳಗಿನ ಪುಟ್ಟ ಮಕ್ಕಳು ಜಾಲರಿಗೆ ಮೂಗು ಒತ್ತಿ ನಿಂತಿದ್ದರು. ಎರಡು ಮಕ್ಕಳು ಹುಲ್ಲಿನ ಮೇಲೆ ಬೋರಲು ಬಿದ್ದು ತಾವೂ ತೋಳು ಬೀಸತೊಡಗಿದವು. ತಾಯಿ ಓಡಿ ಬಂದು ಎಳೆದೊಯ್ದಳು. ಸ್ತ್ರಾಕಾ ಪೊಲೀಸರನ್ನು ಕರೆಸಿದ.

ಬಂದ ಪೊಲೀಸಿನವನು ಬೆಂಚುಗಳ ಸುತ್ತ ಒಂದು ಸುತ್ತು ಹಾಕಿದ. "ದಾರಿ ಅಡ್ಡ ಇಲ್ಲ. ಗಲಾಟೆ ಇಲ್ಲ. ಏನಂತ ಬರ್ಕೊಳ್ಳಿ ಸ್ತ್ರಾಕಾ? ಒಣ ನೆಲದಲ್ಲಿ ಈಜ್ತಿದಾರೆ ಅಂತಲಾ?"

"ಇವರನ್ನ ಇಲ್ಲಿಂದ ಎಬ್ಬಿಸಿ!"

ಅರಾಂಕಾ ಮುಂದೆ ಬಂದಳು. "ಎಬ್ಬಿಸೋಕೆ ಸುಲಭ ದಾರಿ ಇದೆ. ಹತ್ತು ಟಿಕೆಟ್ ಕೊಡಿ. ಚೀಟಿ ಕೇಳಿದ್ರಿ, ತಂದ್ವಿ. ಟೋಪಿ ಕೇಳಿದ್ರಿ, ಹಾಕ್ಕೊಂಡ್ವಿ. ಇನ್ನೇನ್ ಬೇಕು ಅನ್ನೋದನ್ನ ಈ ಸಾಹೇಬ್ರ ಎದುರಿಗೇ ಹೇಳಿ. ಅದರ ಕೆಳಗೆ ಸಹಿ ಹಾಕಿ ಕೊಡಿ."

ಸ್ತ್ರಾಕಾ ಪೊಲೀಸಿನವನ ಮುಖ ನೋಡಿದ. ಅವನು ಆಕಾಶ ನೋಡಿದ. ಸಾಲಿನಲ್ಲಿ ಯಾರೋ, "ಬಿಸಿಲಲ್ಲಿ ಸಾಯ್ತಿದೀವಿ, ಮುಗಿಸ್ರಪ್ಪಾ!" ಎಂದು ಕೂಗಿದರು.

"ಕೊಡು," ಎಂದ ಸ್ತ್ರಾಕಾ ಬೊಜೆನಾಗೆ, ಹಲ್ಲು ಕಡಿದು.

ಅವರು ನೀರಿಗಿಳಿದರು. ಇಳಿಯುತ್ತಿದ್ದಂತೆ ಉಳಿದವರು ಏಳತೊಡಗಿದರು. ಮೊದಲು ಒಂದು ಸಂಸಾರ, ಆಮೇಲೆ ಇನ್ನೊಂದು. ತಾಯಂದಿರು ಮಕ್ಕಳನ್ನು ಹೆಸರು ಹಿಡಿದು ಕರೆದರು. ಐದು ನಿಮಿಷದಲ್ಲಿ ಕೊಳ ಬರಿದಾಯಿತು. ಅಂಚಿನ ತುಂಬ ಟವೆಲು ಹೊದ್ದು ನಿಂತವರು, ನಡುವೆ ನೀರು. ಹಳದಿ ಟೋಪಿಗಳು ಒಂದು ಮೂಲೆಗೆ ಗುಂಪುಗೂಡಿದವು. ಒಬ್ಬ ಮುದುಕ ಮಾತ್ರ ಆಚೆ ತುದಿಯಲ್ಲಿ ಬೆನ್ನ ಮೇಲೆ ಈಜುತ್ತಲೇ ಇದ್ದ.

"ಮೇಲೆ ಬನ್ನಿ ತಾತ!" ಎಂದು ಯಾರೋ ಕರೆದರು.

"ನಲವತ್ತು ಸುತ್ತು ಅಂತ ಲೆಕ್ಕ ನಂದು. ಇನ್ನೂ ಹನ್ನೊಂದಿದೆ," ಎಂದ ಮುದುಕ. "ಯಾರು ಬಂದ್ರೆ ನಂಗೇನು?"

ಅರಾಂಕಾ ನಲವತ್ತೊಂದು ವರ್ಷಕ್ಕೆ ಮೊದಲ ಸಲ ಈಜುಡುಗೆ ತೊಟ್ಟು ಇಷ್ಟು ಕಣ್ಣುಗಳ ಮುಂದೆ ನಿಂತಿದ್ದಳು. ಆಗ ಸಿದೋನಿಯಾ ಎರಡೂ ಕೈಯಿಂದ ನೀರು ಬಡಿದಳು.

"ಏನ್ ನೋಡ್ತೀರೋ? ಇಡೀ ಕೊಳ ನಮ್ಮದು! ರಾಜರಿಗೂ ಸಿಗಲ್ಲ ಇಷ್ಟು ಜಾಗ. ಸಾಲಾಗಿ ನಿಲ್ರಿ. ಮುಖ ಒಳಗೆ!"

ಕೊಲೊಮಾನ್ ಮೆಟ್ಟಿಲ ಮೇಲೆಯೇ ಇದ್ದ. ನೀರು ಅವನ ಸೊಂಟಕ್ಕಿತ್ತು. ಅರಾಂಕಾ ಅವನ ಪಕ್ಕಕ್ಕೆ ಹೋಗಿ ನಿಂತಳು.

"ನಂಗೂ ಭಯ ಕಣೋ," ಎಂದಳು ಮೆಲ್ಲಗೆ.

"ಕೈ ಕೊಡಿ ಅಕ್ಕಾ," ಎಂದ ಅವನು. ಇಬ್ಬರೂ ಒಟ್ಟಿಗೆ ಇಳಿದರು.

ಭಾನುವಾರ ಗೇಟಿಗೆ ಚೀಟಿ ಅಂಟಿತ್ತು: ಸ್ವಚ್ಛತೆಗಾಗಿ ಮುಚ್ಚಲಾಗಿದೆ. ರಾತ್ರೋರಾತ್ರಿ ಕೊಳದ ನೀರೆಲ್ಲ ಹೊರಗೆ ಬಿಟ್ಟು ನೆಲ ತಿಕ್ಕುತ್ತಿದ್ದರು. ಬೇಲಿಯ ಹೊರಗೆ ನಿಂತು ಅದನ್ನು ನೋಡಿದ ಚಿಕ್ಕ ಹುಡುಗಿಯೊಬ್ಬಳು ಬಿಕ್ಕಿದಳು. ಸಿದೋನಿಯಾ ಅವಳ ಬೆನ್ನಿಗೆ ಗುದ್ದಿದಳು. "ಅಳ್ತೀಯಾಕೆ? ಪ್ರತಿ ಸಲ ಬದಲಾಯಿಸ್ಲಿ. ಇಡೀ ಜಿಲ್ಲೇಲಿ ನಮ್ಮಷ್ಟು ಹೊಸ ನೀರಲ್ಲಿ ಈಜೋರು ಯಾರೂ ಇರಲ್ಲ." ಆದರೆ ಅವಳ ಕಣ್ಣುಗಳೂ ಕೆಂಪಾಗಿದ್ದವು.

ಕೊಳ ತುಂಬಲು ನಾಲ್ಕು ದಿನ ಬೇಕಾಯಿತು. ಶನಿವಾರ ಮತ್ತೆ ಹೋದರು. ಭಾನುವಾರ ಮತ್ತೆ ನೀರು ಖಾಲಿ ಮಾಡಿದರು. ಆ ವಾರ ಬಿಸಿಲು ಮೂವತ್ತಾರು ಡಿಗ್ರಿ ಮುಟ್ಟಿತ್ತು. ಗುರುವಾರದ ಹೊತ್ತಿಗೆ ಊರಿನವರೇ ಸ್ತ್ರಾಕಾನ ಕೊರಳಪಟ್ಟಿ ಹಿಡಿಯುವ ಮಟ್ಟಕ್ಕೆ ಬಂದರು: ಸುಡುವ ಬೇಸಿಗೆಯಲ್ಲಿ ವಾರಕ್ಕೆ ನಾಲ್ಕು ದಿನ ಕೊಳ ಮುಚ್ಚುತ್ತೀಯಲ್ಲ, ತಲೆ ಕೆಟ್ಟಿದೆಯಾ ಎಂದು. ಯಾರ ಮನಸ್ಸೂ ಕರಗಿರಲಿಲ್ಲ. ಅವರಿಗೆ ಸೆಕೆಯಾಗಿತ್ತು, ಅಷ್ಟೇ. ಮೂರನೇ ವಾರ ನೀರು ಖಾಲಿ ಮಾಡಲಿಲ್ಲ. ನಾಲ್ಕನೇ ವಾರ ಕೆಲವರು ಮೇಲೇಳುವುದಕ್ಕೂ ಸೋಮಾರಿತನ ಮಾಡಿದರು.

ಆಗಸ್ಟ್ ಕೊನೆಯಲ್ಲಿ ಕೊಲೊಮಾನ್ ಒಂದು ತುದಿಯಿಂದ ಇನ್ನೊಂದು ತುದಿಗೆ, ಎಲ್ಲೂ ಕಾಲೂರದೆ, ಇಪ್ಪತ್ತೈದು ಮೀಟರು ಈಜಿದ. ಗೋಡೆ ಹಿಡಿದು ಏದುಸಿರು ಬಿಡುತ್ತ ಹಿಂದೆ ತಿರುಗಿ ನೋಡಿದ. "ಇದರ ಅರ್ಧ ದೂರವೂ ಇರ್ಲಿಲ್ಲ ಅಕ್ಕಾ, ದಡದಿಂದ ವಿಯೋಲಾ ಇದ್ದಿದ್ದು," ಎಂದ. ಅರಾಂಕಾ ಅವನ ಒದ್ದೆ ತಲೆಯ ಮೇಲೆ ಕೈಯಿಟ್ಟಳು. ಅವನು ಗೋಡೆಯನ್ನು ಕಾಲಿನಿಂದ ಒದ್ದು ಮತ್ತೆ ಹೊರಟ.

ಲುಬಿಕಾ ಮಾತಿಗೆ ತಪ್ಪಲಿಲ್ಲ. ಸೆಪ್ಟೆಂಬರ್ ಒಂದಕ್ಕೆ ಬಾಯ್ಲರ್ ಕೋಣೆಗೆ ಹೊಸ ಬೀಗ ಬಿತ್ತು. ಅರಾಂಕಾ ಬರೆದ ಮೂರು ಅರ್ಜಿಗಳಿಗೆ ಉತ್ತರ ಬರಲಿಲ್ಲ, ನಾಲ್ಕನೆಯದನ್ನೂ ಬರೆದಳು. ಆ ಚಳಿಗಾಲ ಕ್ಲಬ್ಬು ನಡೆದದ್ದು ಬರ್ತಾಳ ಸೌದೆ ಕೊಟ್ಟಿಗೆಯಲ್ಲಿ. ಒಲೆ ಹೊಗೆಯಾಡುತ್ತಿತ್ತು, ಮುದುಕಿ ಇಡೀ ದಿನ ಗೊಣಗುತ್ತಿದ್ದಳು, ಗೊಣಗುತ್ತಲೇ ಎಲ್ಲರಿಗೂ ರೊಟ್ಟಿ ಸುಟ್ಟು ಹಾಕುತ್ತಿದ್ದಳು.

ಮುಂದಿನ ಜೂನ್‌ನಲ್ಲಿ ಈಜುಕೊಳ ತೆರೆದ ಮೊದಲ ದಿನ ಸಾಲಿನ ಮುಂದೆ ನಿಂತವನು ಕೊಲೊಮಾನ್. ಅವನ ಹಿಂದೆ ಕೇರಿಯ ಚಿಕ್ಕಚಿಕ್ಕ ಮಕ್ಕಳು, ಇಬ್ಬಿಬ್ಬರು ಕೈ ಹಿಡಿದುಕೊಂಡು, ರಸ್ತೆಯ ತಿರುವಿನವರೆಗೆ.

ಬೊಜೆನಾ ಈ ಸಲ ತಲೆ ಎತ್ತಿದಳು. "ಇಷ್ಟೊಂದು ಜನಾನಾ?"

"ಇಲ್ಲ," ಎಂದ ಕೊಲೊಮಾನ್. "ಇನ್ನೂ ಬರ್ತಿದಾರೆ."