ಯಾರೂ ಇಲ್ಲದಂತಿದ್ದ ಮನೆ

ಹಾಲು, ಬ್ರೆಡ್ಡು ಹಿಡಿದು ಒಳಗೆ ಬಂದ ಲಾರಿ ಡ್ರೈವರ್ ಬಾಗಿಲಲ್ಲೇ ನಿಂತ. ಯಾರದೋ ಮನೆಗೆ ನುಗ್ಗಿಬಿಟ್ಟೆನೇನೋ ಅನ್ನಿಸಿತು. ಹೊರಗೆ ಹೋಗಿ ಬಾಗಿಲ ಮೇಲಿನ ನಂಬರು ನೋಡಿದ. ಅದೇ ಮನೆ, ಗಾಜಿನಾಚೆ ಅದೇ ಸಮುದ್ರ. ಆದರೆ ಬೆಳಿಗ್ಗೆ ಅವನು ಕೆದರಿಟ್ಟು ಹೋಗಿದ್ದ ಹಾಸಿಗೆಯ ಮೇಲೆ ಒಂದು ಸುಕ್ಕೂ ಇರಲಿಲ್ಲ. ಕುರ್ಚಿಯ ಮೇಲೆ ಹೆಂಡತಿಯ ಶಾಲು ಇಲ್ಲ, ಬಚ್ಚಲಲ್ಲಿ ಬ್ರಷ್ಷುಗಳಿಲ್ಲ, ಕಿಟಕಿಯ ಬಳಿ ಇದ್ದ ಸೂಟ್‌ಕೇಸ್ ಇಲ್ಲ. ಹೆಂಡತಿಯೂ ಇಲ್ಲ.

ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ಕೋಣೆ ಗುಡಿಸಿ ಒರೆಸಿ ಮೊನ್ನೆ ಕೆಲಸ ಬಿಟ್ಟವಳು ಅವಳು. ಜೊತೆಯವರೆಲ್ಲ ಕೂಡಿ ಕಡಲತೀರದ ಈ ಶೋಕಿ ಅಪಾರ್ಟ್‌ಮೆಂಟಿನಲ್ಲಿ ಮೂರು ದಿನದ ವಾಸವನ್ನು ಉಡುಗೊರೆ ಕೊಟ್ಟಿದ್ದರು. ಅವನಿಗೋ ಈ ಮನೆಯ ತಲೆಬುಡವೇ ಅರ್ಥವಾಗಿರಲಿಲ್ಲ. ನಲ್ಲಿಗೆ ತಿರುಪಿಲ್ಲ, ದೀಪಕ್ಕೆ ಸ್ವಿಚ್ಚಿಲ್ಲ, ಗೋಡೆ ಎಲ್ಲಿ ಮುಗಿದು ಬಾಗಿಲು ಎಲ್ಲಿ ಶುರುವಾಗುತ್ತದೆಂದು ತಿಳಿಯದು. "ಇದಕ್ಕಿಂತ ನನ್ನ ಲಾರೀನೇ ವಾಸಿ" ಎಂದು ನಿನ್ನೆ ತಮಾಷೆಗೆ ಅಂದಿದ್ದ. ಅವಳು ನಕ್ಕಿರಲಿಲ್ಲ.

ಅವಳ ಫೋನ್ ಸ್ವಿಚ್ ಆಫ್. ಕೆಳಗಿಳಿದು ವಾಚ್‌ಮನ್‌ನನ್ನು ಕೇಳಿದ.

"ಮೇಡಂ ಆಗಲೇ ಹೋದ್ರಲ್ಲ ಸಾರ್."

"ಕೈಯಲ್ಲಿ ಸೂಟ್‌ಕೇಸ್ ಇತ್ತಾ?"

"ಇತ್ತೋ, ಇಲ್ವೋ. ಇಲ್ಲಿ ಎಲ್ಲರ ಕೈಯಲ್ಲೂ ಒಂದೊಂದು ಇರುತ್ತೆ ಸಾರ್."

ಮತ್ತೆ ಮೇಲೆ ಬಂದು ಹೆಂಡತಿಯ ಅಕ್ಕನಿಗೆ ಫೋನ್ ಹಚ್ಚಿದ.

"ಅಕ್ಕಾ, ನಿಮ್ಮ ತಂಗಿ ಸಾಮಾನೆಲ್ಲ ಕಟ್ಕೊಂಡು ಹೊರಟುಹೋಗಿದ್ದಾಳೆ."

ಆ ಕಡೆ ಕುಕ್ಕರ್ ಒಮ್ಮೆ ಕೂಗಿ ಸುಮ್ಮನಾಯಿತು.

"ಕೊನೆಗೂ ಹೊರಟ್ಲಾ?"

ಅಯ್ಯೋ ಅನ್ನುತ್ತಾಳೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡಿದ್ದ. "ಅಂದ್ರೆ? ನಿಮಗೆ ಮೊದಲೇ ಗೊತ್ತಿತ್ತಾ?"

"ವರ್ಷಗಳಿಂದ ಹೇಳ್ತಾನೇ ಇದ್ದಾಳೆ, ಸಾಕಾಯ್ತು, ಹೋಗಿಬಿಡ್ತೀನಿ ಅಂತ. ನೀವು ಮನೇಲಿ ಇದ್ದಿದ್ರೆ ನಿಮಗೂ ಹೇಳ್ತಿದ್ಲು."

ಫೋನ್ ಕಟ್ ಮಾಡಿ ಹಾಸಿಗೆಯ ತುದಿಯಲ್ಲಿ ಕುಳಿತ. ತಾನೇನು ಮಾಡಿದೆ? ಕುಡಿಯಲಿಲ್ಲ, ಹೊಡೆಯಲಿಲ್ಲ, ಒಂದು ದಿನವೂ ಏರುದನಿಯಲ್ಲಿ ಮಾತಾಡಲಿಲ್ಲ. ಹಾಗೆ ನೋಡಿದರೆ ಊರಿನ ತಮ್ಮ ಮನೆಯಲ್ಲಿ ಅವನು ಏನನ್ನೂ ಮಾಡಿರಲಿಲ್ಲ. ತಿಂಗಳಿಗೊಮ್ಮೆ ಬಂದು ಉಂಡು ಮಲಗಿ ಮತ್ತೆ ಲಾರಿ ಹತ್ತುತ್ತಿದ್ದ. ಅವಳಿಲ್ಲದೆ ಆ ಮನೆಗೆ ಹೋಗುವುದನ್ನು ನೆನೆದರೇ ಹೆದರಿಕೆಯಾಯಿತು.

ಬಾಗಿಲು ತೆರೆಯಿತು. ಗಾಳಿಗೆ ಕೆದರಿದ ಕೂದಲು, ಒದ್ದೆಯಾದ ಸೀರೆಯ ಅಂಚು. ಅವಳೇ.

"ಯಾಕ್ರೀ ಹೀಗೆ ಕೂತಿದ್ದೀರಾ? ಮೈ ಸರಿ ಇಲ್ವಾ?"

"ಸೂಟ್‌ಕೇಸ್ ಎಲ್ಲಿ?"

ಅವಳು ಮೊಣಕೈಯಿಂದ ಬಿಳಿ ಗೋಡೆಯನ್ನು ಒತ್ತಿದಳು. ಗೋಡೆಯೇ ಬಾಗಿಲಾಗಿ ತೆರೆದುಕೊಂಡಿತು. ಒಳಗೆ ಸೂಟ್‌ಕೇಸ್, ಶಾಲು, ಬ್ರಷ್ಷುಗಳು, ಮಡಿಸಿಟ್ಟ ಅವನ ಅಂಗಿಗಳು, ಚಾರ್ಜ್ ಮುಗಿದ ಅವಳ ಫೋನ್.

"ಸುಮ್ನೆ ಕೂರೋಕೆ ಆಗ್ಲಿಲ್ಲ ನೋಡಿ. ಇದ್ದೋರು ಹೋದ್ರು ಅನ್ನೋ ಹಾಗೆ ಮಾಡಿಟ್ರೇನೇ ನನ್ನ ಕೈಗೆ ಸಮಾಧಾನ" ಎಂದು ನಕ್ಕಳು. ಅವನ ಕೈಯಲ್ಲಿನ ಫೋನ್ ನೋಡಿದಳು. "ಯಾರಿಗೆ ಮಾಡಿದ್ರಿ?"

"ನಿಮ್ಮಕ್ಕಂಗೆ."

ನಗು ಅಲ್ಲೇ ನಿಂತಿತು. "ಏನಂದ್ಲು?"

"ಎಲ್ಲಾ ಹೇಳಿದ್ರು."

ಸುಳ್ಳು ಅನ್ನಲಿ ಎಂದು ಅವನು ಕಾದ. ಅವಳು ಅನ್ನಲಿಲ್ಲ. ನೆಲ ನೋಡಿದಳು. "ಛೇ, ಎಲ್ಲಾ ಮರಳಾಯ್ತು" ಎನ್ನುತ್ತ ಒರೆಸುವ ಬಟ್ಟೆ ಹಿಡಿದು ಬಗ್ಗಿದಳು.

"ಬಿಡು, ಇರಲಿ."

ಅವಳು ಅರ್ಥವಾಗದವಳಂತೆ ಅವನನ್ನೇ ನೋಡಿದಳು. ಬಾಗಿಲಿನಿಂದ ಒಳಗೆ ಬಂದ ಅವಳ ಒದ್ದೆ ಹೆಜ್ಜೆಗುರುತುಗಳನ್ನು ತುಳಿಯದೆ ಗೋಡೆಯಂಚಿಗೆ ಸುತ್ತಿಹೋಗಿ, ಅವನು ಹಾಲು ಕಾಯಿಸಲು ಒಲೆ ಯಾವುದೆಂದು ಹುಡುಕತೊಡಗಿದ.