ಬುಡದಲ್ಲಿ ನಿಂತವಳು

ಮಗಳನ್ನು ಗೋಪುರ ಹತ್ತಿಸುವುದಿಲ್ಲ ಎಂದು ಹಟ ಹಿಡಿದಿದ್ದಕ್ಕೆ ಆ ಬೆಳಿಗ್ಗೆ ಎವ್ದಾಲ್ಡನಿಗೆ ತನ್ನ ಬಗ್ಗೆಯೇ ಹೆಮ್ಮೆಯಿತ್ತು. ಹೆಗಲ ಮೇಲೆ ಹೆಗಲು ಹತ್ತಿ ಮನುಷ್ಯರಿಂದಲೇ ಗೋಪುರ ಕಟ್ಟುವ ತಂಡಕ್ಕೆ ಅವನು ಯಜಮಾನ. ಮಗಳು, ಹದಿನೇಳರ ಕೆರಾಲ್ಟ್, ಅದರ ಮೂರನೇ ಅಂತಸ್ತಿನ ಗಟ್ಟಿಗಿತ್ತಿ. ಊರಹಬ್ಬದಲ್ಲಿ ಅವಳಿಲ್ಲದ ಗೋಪುರವೆಂದರೆ ತಂಡದವರ ಮುಖವೆಲ್ಲ ಗಂಟುಗಂಟು. ಏನು ಮಾಡುವುದು, ಮೊನೊ ಎಂಬ ಸೋಂಕುಜ್ವರ ಹುಡುಗಿಯನ್ನು ಹಿಂಡಿ ಹಿಪ್ಪೆ ಮಾಡಿತ್ತು.

"ಇದಕ್ಕೆ ಅಂತ ಔಷಧಿ ಇಲ್ಲ," ಎಂದಿದ್ದರು ಡಾಕ್ಟರಮ್ಮ. "ಚೆನ್ನಾಗಿ ನೀರು ಕುಡೀಲಿ, ಮಲಗಲಿ. ಎಂಜಲಿನಿಂದ ಹರಡತ್ತೆ, ಲೋಟ ಚಮಚ ಬೇರೆ ಇಡಿ. ಹೊಟ್ಟೆಯ ಎಡಗಡೆ ಪಕ್ಕೆಲುಬಿನ ಕೆಳಗಿರೋ ಗುಲ್ಮ ಊದಿದೆ. ಜ್ವರ ಬಿಟ್ಟರೂ ಹೊಟ್ಟೆಗೆ ಪೆಟ್ಟು ಬೀಳಬಾರದು. ಗೋಪುರದ ಮಾತೇ ಬೇಡ."

ಎಂಜಲು ಎಂದದ್ದೇ ತಡ, ತಂಡದವರ ಬಾಯಿಗೆ ಮೇವು ಸಿಕ್ಕಿತ್ತು. "ಯಾರೇ ಅವನು, ಮುತ್ತಿನ ಜೊತೆ ಜ್ವರಾನೂ ಕೊಟ್ಟೋನು?"

ಚೌಕಕ್ಕೆ ಬಂದರೆ ಬುಡದ ಗುಂಪಿಗೆ ಜನ ಕಡಿಮೆ. ಜ್ವರ ಬಿಟ್ಟು ವಾರವಾಗಿತ್ತು, ಹುಡುಗಿಯ ಕೆನ್ನೆಗೆ ಬಣ್ಣ ಬಂದಿತ್ತು.

"ಬಾರೇ, ಬುಡದಲ್ಲಿ ನಿಂತ್ಕೋ," ಎಂದು ಎವ್ದಾಲ್ಡನೇ ಮಗಳನ್ನು ಕರೆದ. " ಹತ್ತಬೇಡ ಅಂದ್ರು, ನಿಲ್ಲಬೇಡ ಅಂದ್ರಾ? ಕಾಲು ನೆಲದ ಮೇಲಿದ್ರೆ ಏನಾಗತ್ತೆ?"

ಬುಡದಲ್ಲಿ ಒಬ್ಬರ ಬೆನ್ನಿಗೆ ಇನ್ನೊಬ್ಬರ ಎದೆ ಒತ್ತಿ ನಿಲ್ಲಬೇಕು, ಎಳ್ಳು ಹಾಕಿದರೂ ಕೆಳಗೆ ಬೀಳಬಾರದು. ಮೊದಲ ಗೋಪುರ ಇಳಿದ ಮೇಲೆ ಅವಳು ಅಪ್ಪನ ಬಳಿ ಬಂದಳು.

"ಅಪ್ಪಾ, ಯಾರದೋ ಮೊಣಕೈ ಪಕ್ಕೆಗೆ ತಾಗ್ತು. ಈಗ ಎಡಭುಜ ತುಂಬಾ ಸೆಳೀತಿದೆ."

ಎವ್ದಾಲ್ಡ ನಕ್ಕುಬಿಟ್ಟ. "ಭುಜ ನೋಯದೋರು ನಮ್ಮ ತಂಡದಲ್ಲಿ ಯಾರಿದಾರೆ ಹೇಳು! ಇಷ್ಟು ದಿನ ಮಲಗಿದ್ದೀಯಲ್ಲ, ಮೈಗೆ ಅಭ್ಯಾಸ ತಪ್ಪಿದೆ." ಭುಜವನ್ನು ಚೆನ್ನಾಗಿ ತಿಕ್ಕಿದ. "ಇನ್ನೊಂದೇ ಗೋಪುರ. ಮೇಲಿನ ಮಕ್ಕಳು ಇಳಿಯೋವರೆಗೂ ಜಾಗ ಬಿಡಬೇಡ."

ಎರಡನೆಯದು ಎದ್ದಿತು, ತುದಿಯ ಮಗು ಕೈ ಎತ್ತಿತು, ಚೌಕವೆಲ್ಲ ಚಪ್ಪಾಳೆ. ಮಕ್ಕಳು ಒಬ್ಬೊಬ್ಬರಾಗಿ ಇಳಿದರು. ಗುಂಪು ಸಡಿಲವಾಯಿತು. ಆಗ ಕೆರಾಲ್ಟ್ ಬಿದ್ದಳು. ಅಷ್ಟು ಹೊತ್ತೂ ಅವಳನ್ನು ನಿಲ್ಲಿಸಿದ್ದು ಅವಳ ಕಾಲುಗಳಲ್ಲ, ಸುತ್ತಲಿನ ಮೈಗಳು. ಮುಖ ಸುಣ್ಣವಾಗಿತ್ತು, ತುಟಿಯಲ್ಲಿ ರಕ್ತವೇ ಇರಲಿಲ್ಲ.

"ಗುಲ್ಮ ಒಡೆದಿದೆ, ಹೊಟ್ಟೆ ತುಂಬ ರಕ್ತ," ಎಂದ ಆಸ್ಪತ್ರೆಯ ಸರ್ಜನ್. "ಎಡಭುಜ ನೋವು ಅಂತ ಹೇಳಲಿಲ್ವಾ?"

"ಹೇಳಿದ್ಲು. ಅದು... ನಮಗೆಲ್ಲ ನೋಯತ್ತೆ."

"ಆ ನೋವು ಭುಜದ್ದಲ್ಲ ಸ್ವಾಮಿ. ಒಳಗೆ ರಕ್ತ ಸೋರಿದ್ರೆ ಅಲ್ಲಿ ನೋಯತ್ತೆ."

ಅವಳ ಹೊಟ್ಟೆ ಕೂಗಿ ಹೇಳಿದ್ದನ್ನು ಎವ್ದಾಲ್ಡ ನಗುನಗುತ್ತ ತಿಕ್ಕಿ ಸುಮ್ಮನಾಗಿಸಿದ್ದ. ಹೆತ್ತಪ್ಪ! ಆಪರೇಷನ್ ಮುಗಿಯುವವರೆಗೂ ಅವನು ಬಾಗಿಲ ಹೊರಗೇ ನಿಂತಿದ್ದ.

ಗುಲ್ಮ ತೆಗೆದರು, ಜೀವ ಉಳಿಯಿತು. ಮರುದಿನ ಅವಳು ಕಣ್ಣು ಬಿಟ್ಟಾಗ ಎವ್ದಾಲ್ಡ ಮಂಚದ ಪಕ್ಕದಲ್ಲೇ ಇದ್ದ. ತಪ್ಪಾಯ್ತು ಎನ್ನಲು ಬಾಯಿ ತೆರೆದ. ಅವಳೇ ಮೊದಲು ಮಾತಾಡಿದಳು.

"ಅಪ್ಪಾ, ಕಣ್ಣು ಕತ್ತಲೆ ಬಂತು, ಉಸಿರೇ ಸಿಗಲಿಲ್ಲ. ಆದ್ರೂ ನೀನು ಹೇಳ್ದಂಗೆ ಜಾಗ ಬಿಡಲಿಲ್ಲ, ಅಲ್ವಾ?"